ಜೇಡ್ ಬಳೆ: ಲೋಕಲ್ ಟ್ರೇನಿಗೆ ಯಾವುದು, ಲಾಕರಿಗೆ ಯಾವುದು

ಮುಂಬಯಿಯಲ್ಲಿ ದಿನಬೆಳಗಾದರೆ ಕೈಗೆ ಹಾಕಿಕೊಂಡು ಲೋಕಲ್ ಹತ್ತಲು ಕಲ್ಲಿನ ಬಳೆ ಬೇಕೆಂದರೆ, ಜೇಡ್ ಎಂದು ಕರೆಯುವ ಎರಡು ಕಲ್ಲುಗಳಲ್ಲಿ ನನ್ನ ಓಟು ನೆಫ್ರೈಟ್‌ಗೆ. ಅದಕ್ಕಿಂತ ಎಷ್ಟೋ ದುಬಾರಿಯಾದ ಜೇಡೈಟ್‌ಗೆ ಅಲ್ಲ. ಹೀಗೆಂದಾಗಲೆಲ್ಲ ಸಿಂಗಪುರದ ನನ್ನ ನಾದಿನಿಗೆ ಸಿಟ್ಟು ಬರುತ್ತದೆ. ಜೇಡೈಟ್ ಬಳೆ ಉಡುಗೊರೆ ಕೊಟ್ಟವಳು ಅವಳೇ. "ಅತ್ತಿಗೆ, ನಾನು ಕೊಟ್ಟಿದ್ದನ್ನ ಲಾಕರಿನಲ್ಲಿಟ್ಟು ಬೇರೆ ಯಾವುದನ್ನೋ ಹಾಕ್ಕೊಂಡು ತಿರುಗ್ತೀರಂತೆ" ಎಂದು ಫೋನಿನಲ್ಲೇ ತಕರಾರು. ಇದು ಆ ತಕರಾರಿಗೆ ಉತ್ತರ ಎಂದುಕೊಳ್ಳಿ.

ಹಾಕಿ ನೋಡಿದ್ದು ಐದು ಬಗೆ. ಬರ್ಮಾದ ಜೇಡೈಟ್. ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ತಂಗಿ ತಂದ ಕಡುಹಸಿರು ನೆಫ್ರೈಟ್. ಮುಂಬಯಿಯ ಭುಲೇಶ್ವರ ಬಜಾರಿನಲ್ಲಿ ಚೌಕಾಸಿ ಮಾಡಿ ಕೊಂಡ ಅವೆಂಚುರಿನ್. ಆನ್‌ಲೈನಿನಲ್ಲಿ ‘ನ್ಯೂ ಜೇಡ್’ ಎಂಬ ಹೆಸರು ಹೊತ್ತು ಬಂದ ಸರ್ಪೆಂಟೈನ್. ಕೊನೆಯದು ಗುಜರಾತಿನ ಖಂಭಾತದ ಅಕೀಕು, ಅಂದರೆ ಅಗೇಟ್. ಎಲ್ಲವನ್ನೂ ಎಡಗೈಗೇ ಹಾಕಿದೆ. ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ಲೇಡೀಸ್ ಡಬ್ಬ, ಆಫೀಸಿನಲ್ಲಿ ಕೀಬೋರ್ಡು, ಮನೆಯಲ್ಲಿ ಗ್ರಾನೈಟಿನ ಅಡುಗೆಕಟ್ಟೆ. ಇವುಗಳಲ್ಲಿ ಬಳೆಯ ದೊಡ್ಡ ಶತ್ರು ರೈಲಲ್ಲ, ಅಡುಗೆಕಟ್ಟೆ.

ಜೇಡ್ ಎಂಬುದು ಒಂದೇ ಕಲ್ಲಲ್ಲ, ಎರಡು ಬೇರೆ ಬೇರೆ ಖನಿಜ. ಚೀನಾದವರು ಸಾವಿರಾರು ವರ್ಷ ಕೆತ್ತಿದ್ದು ನೆಫ್ರೈಟನ್ನು. ಬರ್ಮಾದ ಜೇಡೈಟ್ ಅಲ್ಲಿಗೆ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿದ್ದು ಹದಿನೆಂಟನೇ ಶತಮಾನದಲ್ಲಿ. ಇವೆರಡೂ ಬೇರೆ ಎಂದು ರಾಸಾಯನಿಕ ವಿಶ್ಲೇಷಣೆಯಿಂದ ತೋರಿಸಿದ್ದು ಫ್ರೆಂಚ್ ಖನಿಜತಜ್ಞ ದಾಮೂರ್, 1863ರಲ್ಲಿ. ಜೇಡೈಟಿನಲ್ಲಿ ಸೋಡಿಯಂ, ಅಲ್ಯುಮಿನಿಯಂ. ನೆಫ್ರೈಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ. ಆ ಪಚ್ಚೆಯಂಥ ಅರೆಪಾರದರ್ಶಕ ಹಸಿರು ಬರುವುದು ಜೇಡೈಟಿನಲ್ಲಿ, ಕ್ರೋಮಿಯಂನಿಂದ. ಹರಾಜಿನ ಸುದ್ದಿಗಳೆಲ್ಲ ಅದರವೇ: 2014ರಲ್ಲಿ ಹಾಂಗ್‌ಕಾಂಗಿನಲ್ಲಿ 27 ಮಣಿಗಳ ಒಂದೇ ಒಂದು ಹಾರ 2.7 ಕೋಟಿ ಡಾಲರಿಗೂ ಮೇಲೆ ಹೋಯಿತು. ನೆಫ್ರೈಟಿಗೆ ಆ ಬಣ್ಣವೂ ಇಲ್ಲ, ಆ ಗತ್ತೂ ಇಲ್ಲ. ಹೆಚ್ಚಾಗಿ ಪಾಲಕ್ ಹಸಿರು, ಬೂದು, ಹಾಲಿನ ಬಿಳಿ. ಮೈಮೇಲೆ ಎಣ್ಣೆ ಸವರಿದಂಥ ಮಂದ ಹೊಳಪು.

ಈಗ ಭುಲೇಶ್ವರ. ಅಲ್ಲಿನ ಗಲ್ಲಿಗಳಲ್ಲಿ ಹಸಿರಾಗಿದ್ದದ್ದೆಲ್ಲ ಜೇಡ್. "ಓರಿಜಿನಲ್ ಜೇಡ್ ಹೈ ದೀದಿ, ಎ ಗ್ರೇಡ್ ಮಾಲ್." ಬಳೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಚುಕ್ಕೆಗಳು ಮಿಣಮಿಣ ಅನ್ನುತ್ತವೆ. ಅವು ಫುಕ್‌ಸೈಟ್ ಎಂಬ ಹಸಿರು ಅಭ್ರಕದ ಹಾಳೆಗಳು. ಕಲ್ಲು ಅವೆಂಚುರಿನ್, ಅಂದರೆ ಸ್ಫಟಿಕದ ಜಾತಿ. ‘ಇಂಡಿಯನ್ ಜೇಡ್’ ಎಂದು ಪ್ರಪಂಚವೆಲ್ಲ ಮಾರುವುದು ಇದನ್ನೇ, ನಮ್ಮ ಮೈಸೂರು ಸೀಮೆಯಲ್ಲೂ ಸಿಗುತ್ತದೆ. ಅದು ಜೇಡ್ ಅಲ್ಲ ಎಂದು ಗೊತ್ತಿದ್ದು ಅವೆಂಚುರಿನ್ನಿನ ಬೆಲೆಗೇ ಕೊಂಡರೆ ಚೆಂದದ ಬಳೆ. ಶ್ರಾವಣದಲ್ಲಿ ಹಸಿರು ಸೀರೆಗೆ ಅದಕ್ಕಿಂತ ಒಪ್ಪುವ ಕಲ್ಲು ನನ್ನ ಡಬ್ಬಿಯಲ್ಲಿ ಬೇರೆ ಇಲ್ಲ.

ಯಾವುದು ಯಾವುದು ಎಂದು ಮನೆಯಲ್ಲೇ ತಿಳಿಯುವ ದಾರಿಯಿದೆ. ಬಣ್ಣ ನೋಡಿ ಅಲ್ಲ, ತೂಕ ನೋಡಿ. 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ಬಳೆಯನ್ನು ಹಾಗೇ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಬಳೆಯನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ಬಳೆ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಜೇಡೈಟ್ ಆದರೆ 3.3ರ ಆಸುಪಾಸು, ನೆಫ್ರೈಟ್ 2.95, ಅವೆಂಚುರಿನ್ 2.65, ಸರ್ಪೆಂಟೈನ್ 2.6ರ ಹತ್ತಿರ. ಅಂದರೆ 50 ಗ್ರಾಂನ ಜೇಡೈಟ್ ಬಳೆಗೆ ತಕ್ಕಡಿ 15 ಗ್ರಾಂ ತೋರಿಸಬೇಕು. 19 ತೋರಿಸಿತೋ, ನಿಮ್ಮ ಜೇಡು ಸ್ಫಟಿಕ. ಬಳೆಯ ಮೇಲೆ ಗಾಳಿಗುಳ್ಳೆ ಕೂತಿದ್ದರೆ ಲೆಕ್ಕ ತಪ್ಪುತ್ತದೆ, ಬೆರಳಿನಿಂದ ಸವರಿ ತೆಗೆಯಿರಿ. ಬಳೆಗೆ ಬೆಳ್ಳಿ, ಚಿನ್ನದ ಪಟ್ಟಿ ಇದ್ದರೆ ಈ ಆಟ ನಡೆಯುವುದಿಲ್ಲ.

ಅವೆಂಚುರಿನ್ ಮತ್ತು ಸರ್ಪೆಂಟೈನ್ ನಡುವೆ ಮಾತ್ರ ತಕ್ಕಡಿ ಸೋಲುತ್ತದೆ. ಅಲ್ಲಿ ಬಳೆಯ ಒಳಮೈಯಲ್ಲಿ ಸ್ಟೀಲ್ ಚಾಕುವಿನ ಮೊನೆಯಿಂದ ಸಣ್ಣಗೆ ಎಳೆದರೆ ತೀರ್ಮಾನ. ಗೀರು ಬಿದ್ದದ್ದು ಸರ್ಪೆಂಟೈನ್. ಅದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ: ಬಂದಾಗ ಜೇನಿನ ಹನಿಯಂತೆ ಹೊಳೆಯುತ್ತಿತ್ತು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಂಕಾಯಿತು. ಮೆಟ್ರೋ ಕಾಮಗಾರಿ, ಕಟ್ಟಡ ಕಾಮಗಾರಿ ಎಂದು ಈ ಊರಿನ ಧೂಳಿನಲ್ಲಿ ಮರಳಿನ ಕಣವಿದೆ. ಒಂದರಿಂದ ಹತ್ತರವರೆಗಿನ ಮೋಸ್ ಮಾಪಕದಲ್ಲಿ ಮರಳಿನ ಗಡಸುತನ 7. ಸರ್ಪೆಂಟೈನ್ ಅದಕ್ಕಿಂತ ಎಷ್ಟೋ ಮೆತ್ತಗೆ. ಕೊಳ್ಳಬೇಡಿ.

ಗಡಸುತನ ಬೇರೆ, ಗಟ್ಟಿತನ ಬೇರೆ. ಅಂಗಡಿಯಲ್ಲಿ ಯಾರೂ ಹೇಳದ ಸಂಗತಿ ಇದು. ಗಡಸುತನವೆಂದರೆ ಗೀರು ತಡೆಯುವುದು. ಇದರಲ್ಲಿ ಜೇಡೈಟ್ ಮೇಲು, 6.5ರಿಂದ 7; ನೆಫ್ರೈಟ್ 6ರಿಂದ 6.5. ಗಟ್ಟಿತನವೆಂದರೆ ಏಟು ತಡೆಯುವುದು. ಇದರಲ್ಲಿ ನೆಫ್ರೈಟ್‌ಗೆ ಸಮನಾದ ಆಭರಣದ ಕಲ್ಲಿಲ್ಲ. ಅದರೊಳಗಿನ ಸೂಕ್ಷ್ಮ ನಾರುಗಳು ಕಂಬಳಿಯ ಉಣ್ಣೆಯಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಬಿರುಕು ಓಡಲು ನೇರ ದಾರಿಯೇ ಸಿಗುವುದಿಲ್ಲ. ನ್ಯೂಜಿಲೆಂಡಿನ ಮಾವೋರಿಗಳು ಇದರಿಂದ ಯುದ್ಧದ ಗದೆ ಮಾಡಿದ್ದು, ಮುಘಲರು ಕಠಾರಿಯ ಹಿಡಿ ಕೆತ್ತಿಸಿದ್ದು ಸುಮ್ಮನಲ್ಲ. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರುವ ಶಹಜಹಾನನ 1657ರ ಬಿಳಿ ಮಧುಪಾತ್ರೆಯನ್ನು ಅಷ್ಟು ತೆಳ್ಳಗೆ, ತುದಿಯಲ್ಲಿ ಮೇಕೆಯ ತಲೆ ಬರುವಂತೆ ಕೊರೆಯಲು ಆಗಿದ್ದೂ ಈ ಗುಣದಿಂದಲೇ. 2008ರ ಬೀಜಿಂಗ್ ಒಲಿಂಪಿಕ್ಸ್ ಪದಕಗಳ ಹಿಂಬದಿಗೆ ಕೂರಿಸಿದ್ದೂ ನೆಫ್ರೈಟೇ.

ಜೇಡೈಟ್ ಪುಕ್ಕಲು ಕಲ್ಲೇನಲ್ಲ. ಅದೂ ಗಟ್ಟಿಯೇ. ಆದರೆ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಮೇಲಿನ ಹಿಡಿಕೆಗೆ ಕೈ ಚಾಚಿದಾಗ ಬಳೆ ಮೊಣಕೈ ಕಡೆ ಜಾರಿ, ಥಾಣೆ ಸ್ಟೇಷನ್ನಿನಲ್ಲಿ ನೂಕು ಬಂದಾಗ ಕಂಬಕ್ಕೆ ‘ಟಣ್’ ಎನ್ನುತ್ತದಲ್ಲ, ಆ ಸದ್ದಿಗೆ ಜೇಡೈಟ್ ಹಾಕಿದ ದಿನ ಎದೆ ಧಸಕ್ಕೆನ್ನುತ್ತದೆ. ನೆಫ್ರೈಟ್ ಹಾಕಿದ ದಿನ ಪಕ್ಕದವಳ ಜೊತೆ ಮಾತು ಮುಂದುವರಿಯುತ್ತದೆ. ಎರಡೂ ಈವರೆಗೆ ಮುರಿದಿಲ್ಲ. ನೆಫ್ರೈಟಿನ ಮೈಮೇಲೆ ಕೂದಲೆಳೆಯಂಥ ಗೀರುಗಳಿವೆ, ಜೇಡೈಟಿನ ಮೇಲೆ ಒಂದೂ ಇಲ್ಲ. ಆದರೂ ಹಾಕಿಕೊಂಡವಳ ನೆಮ್ಮದಿಗೆ ಬೆಲೆ ಕಟ್ಟಿದರೆ ಪಾಲಕ್ ಹಸಿರೇ ಗೆಲ್ಲುತ್ತದೆ.

ಚಂದದಲ್ಲಿ ಮಾತ್ರ ಹೋಲಿಕೆಯೇ ಇಲ್ಲ, ಅದನ್ನು ಒಪ್ಪಬೇಕು. ನಾದಿನಿಯ ಬಳೆ ತಿಳಿ ಹಸಿರು, ನಡುವೆ ಒಂದು ಕಡೆ ಲ್ಯಾವೆಂಡರ್ ಛಾಯೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಹಾಕಿಕೊಂಡು ಹೋದರೆ ಮೈಕಿನಲ್ಲಿ ಮಾತನಾಡುವವರಿಗಿಂತ ನನ್ನ ಕೈಯನ್ನೇ ನೋಡುವವರು ಜಾಸ್ತಿ.

ಜೇಡೈಟ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಅಂಗಡಿಯವನ ‘ಎ ಗ್ರೇಡ್’ ಅವನ ಬಾಯಿಮಾತು. ಪ್ರಯೋಗಾಲಯದ ‘ಟೈಪ್ ಎ’ ಅಂದರೆ ಬೇರೆ: ಮೇಲೆ ಮೇಣ ಸವರಿದ್ದು ಬಿಟ್ಟರೆ ಕಲ್ಲಿಗೆ ಏನೂ ಮಾಡಿಲ್ಲ ಎಂದರ್ಥ. ಟೈಪ್ ಬಿ ಎಂದರೆ ಆಸಿಡ್ಡಿನಲ್ಲಿ ತೊಳೆದು ಕಂದು ಕಲೆ ತೆಗೆದು, ಒಳಗೆ ಉಂಟಾದ ಟೊಳ್ಳುಗಳಿಗೆ ಪಾಲಿಮರ್ ತುಂಬಿದ್ದು. ಟೈಪ್ ಸಿ ಎಂದರೆ ಬಣ್ಣ ಹಾಕಿದ್ದು. ಎರಡನ್ನೂ ಮಾಡಿದ ಮಾಲೂ ಉಂಟು. ಬಿ ಬಳೆ ಹೊಸದರಲ್ಲಿ ಎ ಬಳೆಗಿಂತ ಶುಭ್ರವಾಗಿ ಕಾಣುತ್ತದೆ, ಅದೇ ಅಪಾಯ. ಬಿಸಿ, ಸಾಬೂನು, ವರ್ಷಗಳು ಸೇರಿ ಪಾಲಿಮರ್ ಹಳದಿಯಾಗುತ್ತಾ ಹೋಗುತ್ತದೆ, ಆಸಿಡ್ ತಿಂದ ಕಲ್ಲಿಗೆ ಮೊದಲಿನ ಶಕ್ತಿಯೂ ಇರುವುದಿಲ್ಲ. ಖೋಟಾ ನೋಟು ನೋಡುವ ಅಲ್ಟ್ರಾವಯಲೆಟ್ ಟಾರ್ಚಿನಡಿ ನೀಲಿಬಿಳಿ ಹೊಳಪು ಕಂಡರೆ ಅನುಮಾನ ಪಡಿ. ಕಾಣದಿದ್ದರೆ ಎ ಎಂದು ತಿಳಿಯಬೇಡಿ. ದಾರಕ್ಕೆ ತೂಗುಹಾಕಿ ತಟ್ಟಿ ನಾದ ಕೇಳುವ ಪರೀಕ್ಷೆಯನ್ನೂ ಹೇಳುತ್ತಾರೆ, ನನ್ನ ಕಿವಿಗೆ ನಂಬಿಕೆ ಸಾಲದು. ಕೊನೆಯ ಮಾತು ಇನ್‌ಫ್ರಾರೆಡ್ ಪರೀಕ್ಷೆಯದು. ರತ್ನ ಪರೀಕ್ಷಿಸುವ ಲ್ಯಾಬುಗಳಿಗೆ ಮುಂಬಯಿಯಲ್ಲಿ ಬರವಿಲ್ಲ, ಆದರೆ ಬಹಳಷ್ಟು ಕಡೆ ವಜ್ರದ್ದೇ ರಾಜ್ಯ. ಜೇಡ್ ನೋಡುತ್ತೀರಾ, ಇನ್‌ಫ್ರಾರೆಡ್ ಇದೆಯಾ ಎಂದು ಮೊದಲೇ ಫೋನ್ ಮಾಡಿ. ಅವೆಂಚುರಿನ್ ಬಳೆಗೆ ಈ ಖರ್ಚು ದಂಡ, ಜೇಡೈಟ್‌ಗೆ ಬಿಡಕೂಡದು.

ಅಕೀಕಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನ್ಯಾಯವಲ್ಲ. ಖಂಭಾತದವರು ಬಿಸಿ ಕೊಟ್ಟು ಕಂದು ಕಲ್ಲನ್ನು ಕೆಂಪಾಗಿಸುತ್ತಾರೆ. ಹರಪ್ಪದ ಕಾಲದ ಮಣಿಗಳಿಗೂ ಇದೇ ವಿದ್ಯೆ. ಹಾಗಾಗಿ ಈ ಸಂಸ್ಕಾರವನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಗಡಸುತನ ಜೇಡೈಟಿನಷ್ಟೇ, ಏಟಿಗೂ ಸುಮಾರಾಗಿ ನಿಲ್ಲುತ್ತದೆ, ಬೆಲೆ ಕೈಗೆಟಕುತ್ತದೆ. ಹಸಿರೇ ಬೇಕೆಂಬ ಹಟ ಇಲ್ಲದವರಿಗೆ ಎರಡನೇ ಸ್ಥಾನ ಇದಕ್ಕೇ ಕೊಡುತ್ತೇನೆ. ಗಾಢ ಗುಲಾಬಿ, ಕಡುನೀಲಿ ಅಕೀಕು ಕಂಡರೆ ಮಾತ್ರ ಅದು ಬಣ್ಣ ಕುಡಿದದ್ದು.

ಅಳತೆಯಲ್ಲಿ ಎಲ್ಲರೂ ತಡವರಿಸುತ್ತಾರೆ. ನಮ್ಮ 2-4, 2-6ರಲ್ಲಿ ಮೊದಲ ಅಂಕಿ ಇಂಚು, ಎರಡನೆಯದು ಇಂಚಿನ ಹದಿನಾರನೇ ಭಾಗಗಳು. 2-4 ಅಂದರೆ ಒಳವ್ಯಾಸ 57 ಮಿಲಿಮೀಟರು, 2-6 ಅಂದರೆ 60, 2-8 ಅಂದರೆ 63.5. ಚೀನಾ, ಸಿಂಗಪುರದವರು ಮಿಲಿಮೀಟರಿನಲ್ಲೇ ಮಾತಾಡುತ್ತಾರೆ. ಗಾಜಿನ ಬಳೆ 2-4 ಹಿಡಿಸುತ್ತದೆಂದು ಕಣ್ಣುಮುಚ್ಚಿ 57ರ ಜೇಡ್ ತರಿಸಬೇಡಿ: ದಪ್ಪ ಕಲ್ಲು ಗೆಣ್ಣಿನ ಮೇಲೆ ತೆಳು ಗಾಜಿನಷ್ಟು ಸಲೀಸಾಗಿ ಹೊರಳುವುದಿಲ್ಲ. ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿ, ಮೇಲೆ ಸಾಬೂನು ನೀರು ಸವರಿ ಏರಿಸುವುದು ಸುಲಭ. ಮಧ್ಯಾಹ್ನದ ಸೆಕೆಯಲ್ಲಿ ಕೈ ಊದಿರುತ್ತದೆ, ಬೆಳಿಗ್ಗೆ ಪ್ರಯತ್ನಿಸಿ. ಆಕಾರದಲ್ಲಿ ಒಳಮೈ ಚಪ್ಪಟೆಯಾದದ್ದು ಹೆಚ್ಚು ಚಾಲ್ತಿ, ಆದರೆ ಮುಂಬಯಿಯ ಬೆವರಿಗೆ ಕೋಲಿನಂತೆ ಪೂರ್ತಿ ದುಂಡಾದದ್ದೇ ವಾಸಿ. ಚರ್ಮಕ್ಕೆ ತಾಗುವ ಜಾಗ ಕಡಿಮೆ, ಅಡಿಯಲ್ಲಿ ಬೆವರುಸಾಲೆ ಏಳುವುದಿಲ್ಲ.

ಇನ್ನು ಜೊತೆ ಬಳೆಗಳ ವಿಚಾರ. ನಮ್ಮ ಅತ್ತೆ ಮೊದಲ ದಿನವೇ ಕೇಳಿದ್ದರು: "ಅಲ್ವೇ, ಕಲ್ಲಿನ ಪಕ್ಕ ಗಾಜು ಉಳಿಯುತ್ತೇನೇ?" ಉಳಿಯುವುದಿಲ್ಲ. ಚಿನ್ನದ ಬಳೆಯೂ ಸವೆಯುತ್ತದೆ, ಚಿನ್ನ ಜೇಡಿಗಿಂತ ತೀರಾ ಮೆತು. ವಜ್ರದ ಬಳೆ ಪಕ್ಕದಲ್ಲಿದ್ದರೆ ಸವೆಯುವ ಸರದಿ ಜೇಡಿನದು. ಅದಕ್ಕೇ ನನ್ನ ಬಲಗೈಯಲ್ಲಿ ಗಾಜು, ಚಿನ್ನ, ಎಡಗೈಯಲ್ಲಿ ಕಲ್ಲೊಂದೇ. "ಎಡಗೈ ಬೋಳು ಬೋಳು ಕಾಣುತ್ತೆ" ಎನ್ನುವುದನ್ನು ಅತ್ತೆ ಇನ್ನೂ ಬಿಟ್ಟಿಲ್ಲ.

ಅವರಿಗೂ ಒಂದು ಹಾಕಿಕೊಳ್ಳುವ ಆಸೆ, ಸಂಧಿವಾತದ ಗೆಣ್ಣು ಬಿಡುವುದಿಲ್ಲ. ಅಂಥ ಕೈಗಳಿಗೆ ಬಳೆಯನ್ನು ಎರಡು ತುಂಡು ಮಾಡಿ ಬೆಳ್ಳಿಯ ಕೀಲು, ತಿರುಪು ಹಾಕಿಸುವ ಕ್ರಮವಿದೆ. ಮುರಿದ ಬಳೆಯನ್ನು ಉಳಿಸಿಕೊಳ್ಳುವುದೂ ಹೀಗೆಯೇ. ಹೊಸ ಜೇಡೈಟನ್ನು ಅದಕ್ಕಾಗಿ ಕತ್ತರಿಸಲು ನಾನು ಒಪ್ಪುವವಳಲ್ಲ. ಝವೇರಿ ಬಜಾರಿನಲ್ಲಿ ಕಲ್ಲು ಕತ್ತರಿಸಿ ಕೀಲು ಕೂರಿಸುವ ಕಾರಿಗರನನ್ನು ವಿಚಾರಿಸುತ್ತಿದ್ದೇನೆ. ಸಿಕ್ಕರೆ ಅವನ ಗರಗಸದ ಕೆಳಗೆ ಮೊದಲು ಹೋಗುವುದು ಭುಲೇಶ್ವರದ ಅವೆಂಚುರಿನ್.