ಮನೆ ಪ್ರಾರ್ಥನೆಗೆ ಮಕ್ಕಳ ಕೈಗೆ ಯಾವ ಸತ್ಯವೇದ? ಅಚ್ಚಿನದು, ಮೊಬೈಲಿನದು ಎರಡನ್ನೂ ತೂಗಿ ನೋಡಿದಾಗ

ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಮನೆಗಳಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಇನ್ನೂ ನಿಂತಿಲ್ಲ. ಹಾಡು ಎಲ್ಲರ ಬಾಯಲ್ಲೂ ಇದೆ. ತೊಡಕು ಬರುವುದು ವೇದಭಾಗ, ಅಂದರೆ ಸತ್ಯವೇದದ (ಬೈಬಲಿನ) ಭಾಗ ಓದುವಾಗ. ಸರದಿ ಮಗುವಿಗೆ ಬಂದರೆ ಎರಡು ವಚನ ಮುಗಿಯುವಷ್ಟರಲ್ಲಿ ಪುಸ್ತಕ ಅಪ್ಪನ ಕೈಗೆ ಮರಳುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಐದನೇ ತರಗತಿ ಓದುವ ಮಗುವಿಗೆ ಕನ್ನಡ ಮಾತು ಸಲೀಸು, ಒತ್ತಕ್ಷರ ಕಷ್ಟ. ಅಜ್ಜಿಗೆ ಬಾಯಿಪಾಠವಿರುವ ಮಾತು ಮೊಮ್ಮಗಳಿಗೆ ಓದಲು ಬಾರದಿದ್ದರೆ ನಂಬಿಕೆ ಕೈದಾಟುವ ಕೊಂಡಿ ಅಲ್ಲೇ ಸಡಿಲವಾಗುತ್ತದೆ. ಆದ್ದರಿಂದ ಇಲ್ಲಿ ಇಟ್ಟುಕೊಂಡ ಅಳತೆಗೋಲು ಒಂದೇ: ಹತ್ತು ವರ್ಷದ ಮಗು ಹತ್ತು ವಚನವನ್ನು ಗಟ್ಟಿಯಾಗಿ ಓದಿ, ಅದರಲ್ಲಿ ಏನಿದೆ ಎಂದು ತನ್ನ ಮಾತಿನಲ್ಲಿ ಹೇಳಬಲ್ಲುದೇ?

ಈ ಭಾಗದಲ್ಲಿ ಓದಿಗೂ ನಂಬಿಕೆಗೂ ಹಳೆಯ ನಂಟು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆಯೂರಿದಾಗ ಪ್ರಾರ್ಥನೆಯ ಜೊತೆಗೆ ಶಾಲೆಯನ್ನೂ ತೆರೆದರು. ಅಕ್ಷರ ಕಲಿತವರೇ ಮನೆಯಲ್ಲಿ ವೇದ ಓದಿದರು. ಆ ಅಭ್ಯಾಸ ಉಳಿಯಬೇಕಾದರೆ ಮಗುವಿನ ಕಣ್ಣಿಗೂ ನಾಲಿಗೆಗೂ ಒಗ್ಗುವ ಪ್ರತಿ ಬೇಕು.

ಮೊದಲು ಅಚ್ಚಿನ ಪ್ರತಿ. ಭಾರತೀಯ ಸತ್ಯವೇದ ಸಂಘದ ಸತ್ಯವೇದವು, ಅಂದರೆ ಜೆ.ವಿ. ಎಂದು ಗುರುತಿಸುವ ಹಳೆಯ ಅನುವಾದ, ನಮ್ಮ ಸಭೆಗಳ ಪೀಠದ ಮೇಲೆ ಇರುವಂಥದು. ಬಾಯಿಪಾಠದ ವಚನಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ವಾಕ್ಯಕ್ಕೆ ಲಯವಿದೆ, ಆರಾಧನೆಯಲ್ಲಿ ಕೇಳುವುದೂ ಇದನ್ನೇ. ಆದರೆ ಭಾಷೆ ಮಗುವಿಗೆ ಎಲ್ಲಿ ಕೈಕೊಡುತ್ತದೆ ಎಂದು ತಂದೆತಾಯಿಗೆ ತಿಳಿದಿರಬೇಕು. 23ನೇ ಕೀರ್ತನೆಯ ಮೊದಲ ವಚನವನ್ನೇ ನೋಡಿ: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ‘ಪಡೆನು’ ಎಂಬುದು ಹಳೆಯ ನಿಷೇಧ ರೂಪ, ‘ಪಡುವುದಿಲ್ಲ’ ಎಂದರ್ಥ. ಮಗು ಅದನ್ನು ‘ಪಡೆದೆನು’ ಎಂದು ಓದಿಕೊಂಡರೆ ಅರ್ಥ ತಲೆಕೆಳಗಾಗಿ, ದೇವರು ಕುರುಬನಾದರೂ ಕೊರತೆ ಬಂತು ಎಂದಾಗುತ್ತದೆ. ಕೀರ್ತನೆ ಪೂರ್ತಿ ಬಾಯಿಗೆ ಬಂದ ಮಕ್ಕಳೂ ಈ ಒಂದು ಪದದ ಅರ್ಥ ಕೇಳಿದರೆ ತಡವರಿಸುತ್ತಾರೆ. ‘ಅಂದ್ರ, ನನಗೇನೂ ಕಡಿಮಿ ಬೀಳಂಗಿಲ್ಲ’ ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು, ಮರೆಯುವುದಿಲ್ಲ. ಕರ್ತನ ಪ್ರಾರ್ಥನೆಯ ‘ಎಣಿಸಲ್ಪಡಲಿ’ ಕೂಡ ಇಂಥದೇ. ಲ್ಪ ಒತ್ತನ್ನು ಬಿಡಿಸಿ ಎರಡು ಸಲ ಓದಿಸಬೇಕು.

ಕೊಳ್ಳುವಾಗ ರಟ್ಟಿನ ಚೆಂದ, ಜಿಪ್ ನೋಡಿ ಮರುಳಾಗಬೇಡಿ. ಚಿಕ್ಕ ಕೈಗೆ ಚಿಕ್ಕ ಪುಸ್ತಕ ಎಂಬ ಲೆಕ್ಕಾಚಾರವೇ ತಪ್ಪು. ಸಣ್ಣ ಅಚ್ಚಿನಲ್ಲಿ ಮೊದಲು ಅಳಿಸಿದಂತಾಗುವುದು ಒತ್ತಕ್ಷರ. ಕಾಗದ ತೆಳುವಾದ್ದರಿಂದ ಹಿಂಬದಿಯ ಅಕ್ಷರ ತೂರಿ ಕಂಡು, ತ ಒತ್ತೋ ನ ಒತ್ತೋ ಗೊತ್ತಾಗುವುದಿಲ್ಲ. ಪುಟಕ್ಕೆ ಎರಡು ಕಾಲಂ ಇರುವುದರಿಂದ ಸಾಲು ಕಿರಿದು. ಉದ್ದದ ಪದ ಸಾಲಿನ ಕೊನೆಯಲ್ಲಿ ತುಂಡಾಗಿ ಮಗು ಅರ್ಧ ಪದಕ್ಕೇ ನಿಂತುಬಿಡುತ್ತದೆ. ಮಗುವಿಗೆ ಓದು ಬರುವುದಿಲ್ಲ ಎಂದು ನಾವು ಅಂದುಕೊಳ್ಳುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಅಚ್ಚಿನದು. ದಪ್ಪಕ್ಷರದ ಪ್ರತಿಯನ್ನೇ ಕೇಳಿ. ಅಂಗಡಿಯಲ್ಲೇ ಮಗುವಿನಿಂದ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಐದು ವಚನ ಓದಿಸಿ. ಪುಸ್ತಕವನ್ನು ಕಣ್ಣಿನ ಹತ್ತಿರ ಎಳೆದುಕೊಂಡರೆ ಆ ಪ್ರತಿ ಬೇಡ.

ಕ್ಯಾಥೊಲಿಕ್ ಮನೆಯವರು ಒಂದು ವಿಷಯ ಗಮನಿಸಬೇಕು. ಅವರಿಗೆ ಬೇಕಾದದ್ದು 73 ಪುಸ್ತಕಗಳಿರುವ ಮುದ್ರಣ. 66 ಪುಸ್ತಕಗಳ ಪ್ರತಿ ತಂದರೆ ಮಕ್ಕಬಿಯರ ಗ್ರಂಥಗಳು ಅದರಲ್ಲಿ ಇರುವುದಿಲ್ಲ.

ಇನ್ನು ಮೊಬೈಲು. ಯೂವರ್ಷನ್ ಬೈಬಲ್ ಆ್ಯಪ್ ಉಚಿತ, ನಡುನಡುವೆ ಜಾಹೀರಾತಿನ ಕಾಟವಿಲ್ಲ. ಕನ್ನಡದ ಪಟ್ಟಿಯಲ್ಲಿ ಜೆ.ವಿ. ಜೊತೆಗೆ ಸಾಮಾನ್ಯ ಭಾಷೆಯ ಸಿ.ಎಲ್., ಪರಿಶುದ್ಧ ಬೈಬಲ್, ಕನ್ನಡ ಸಮಕಾಲಿಕ ಅನುವಾದ ಸಿಗುತ್ತವೆ. ನಿಜವಾದ ಉಪಯೋಗ ಎರಡು. ಒಂದು, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು; ಅಚ್ಚಿನಲ್ಲಿ ಮುಗ್ಗರಿಸುವ ಮಗು ಇಲ್ಲಿ ಒತ್ತನ್ನು ಸ್ಪಷ್ಟವಾಗಿ ಕಾಣುತ್ತದೆ. ಎರಡು, ವಚನದ ಮೇಲೆ ಬೆರಳಿಟ್ಟು ಹೋಲಿಕೆ ಆರಿಸಿದರೆ ಅದೇ ವಚನ ಬೇರೆ ಅನುವಾದಗಳಲ್ಲಿ ಹೇಗಿದೆ ಎಂದು ಕೂಡಲೇ ನೋಡಬಹುದು. ‘ಕೊರತೆಪಡೆನು’ ಥರದ ಗಂಟು ಬಿಡಿಸಲು ಇದು ಬಹಳ ಒಳ್ಳೆಯದು. ಆದರೆ ಜೆ.ವಿ.ಯಲ್ಲಿ ‘ಯೆಹೋವ’ ಎಂದಿರುವ ಕಡೆ ಸಿ.ಎಲ್. ‘ಸರ್ವೇಶ್ವರ’ ಎನ್ನುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಇಬ್ಬರು ದೇವರೇ ಎಂದು ಚಿಕ್ಕ ಮಕ್ಕಳು ಕೇಳುತ್ತಾರೆ. ಅರ್ಥಕ್ಕೆ ಎಷ್ಟು ಅನುವಾದ ಬೇಕಾದರೂ ನೋಡಿ, ಬಾಯಿಪಾಠಕ್ಕೆ ಮಾತ್ರ ಒಂದನ್ನೇ ಹಿಡಿಯಿರಿ. ಎರಡು ಬೆರೆತರೆ ಮಗು ಸಂಡೇ ಸ್ಕೂಲಿನಲ್ಲಿ ವಚನ ಹೇಳುವಾಗ ಅರ್ಧಕ್ಕೆ ನಿಲ್ಲುತ್ತದೆ.

ಸ್ಪೀಕರ್ ಗುರುತು ಇರುವ ಅನುವಾದಗಳಿಗೆ ಧ್ವನಿಯೂ ಇದೆ. ಮೊದಲು ಕೇಳಿಸಿ, ಆಮೇಲೆ ಅದೇ ಭಾಗವನ್ನು ಪುಸ್ತಕದಲ್ಲಿ ಓದಿಸಿದರೆ ಉಚ್ಚಾರಣೆ ತಿದ್ದುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಬರೀ ಕೇಳಿಸಿ ಬಿಟ್ಟರೆ ಓದು ಬರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ಇನ್ನೊಂದು ಕೊರತೆ ಆ್ಯಪಿನದಲ್ಲ, ಫೋನಿನದು. ಪ್ರಾರ್ಥನೆಯ ನಡುವೆ ಪರದೆಯ ಮೇಲಿಂದ ವಾಟ್ಸಾಪ್ ಸಂದೇಶ ಇಳಿದರೆ ಮಗುವಿನ ಕಣ್ಣು ಅಲ್ಲಿಗೆ ಹೋಗಿಯೇ ಹೋಗುತ್ತದೆ. ಡೌನ್‌ಲೋಡ್ ಗುರುತಿರುವ ಅನುವಾದವನ್ನು ಮೊದಲೇ ಇಳಿಸಿಟ್ಟು, ಓದುವ ಹೊತ್ತಿಗೆ ಏರೋಪ್ಲೇನ್ ಮೋಡ್ ಹಾಕಿ. ಧ್ವನಿಗೆ ಸಾಮಾನ್ಯವಾಗಿ ನೆಟ್ ಬೇಕಾಗುವುದರಿಂದ ಕೇಳಿಸುವ ಕೆಲಸ ಅದಕ್ಕೂ ಮುಂಚೆ ಮುಗಿಯಲಿ.

ಯಾವ ಪ್ರತಿ ತಂದರೂ ಆದಿಕಾಂಡದಿಂದ ಕೊನೆವರೆಗೆ ಓದಿಸಲು ಹೊರಡಬೇಡಿ. ಕಥೆ ಸೊಗಸಾಗಿಯೇ ಸಾಗುತ್ತದೆ, ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿ ಆರಾಧನೆಯ ಗುಡಾರದ ಅಳತೆ-ಸಾಮಗ್ರಿ ಶುರುವಾದ ಕೂಡಲೇ ಮಕ್ಕಳು ಕೈಚೆಲ್ಲುತ್ತಾರೆ. ಮಾರ್ಕನ ಸುವಾರ್ತೆಯಿಂದ ಆರಂಭಿಸಿ. 16 ಅಧ್ಯಾಯ, 678 ವಚನ. ದಿನಕ್ಕೆ ಹನ್ನೊಂದರಂತೆ ಎರಡು ತಿಂಗಳಿಗೆ ಮುಗಿಯುತ್ತದೆ. ಮೊದಲ ಅಧ್ಯಾಯದಲ್ಲೇ 45 ವಚನಗಳಿರುವುದರಿಂದ ಅಧ್ಯಾಯದ ಲೆಕ್ಕ ಹಿಡಿಯಬೇಡಿ. ಆಮೇಲೆ ಜ್ಞಾನೋಕ್ತಿಗಳು: 31 ಅಧ್ಯಾಯ, ತಾರೀಖಿಗೆ ಒಂದು, ಅದರಲ್ಲಿ ಮಗು ಆರಿಸಿದ ಮೂರೇ ವಚನ.

ಓದಿದ ಮೇಲೆ ಒಂದು ಪ್ರಶ್ನೆ ಸಾಕು, ಉಪದೇಶ ಬೇಡ. ಮಕ್ಕಳು ತಿರುಗಿ ಕೇಳುವ ಪ್ರಶ್ನೆಗೆ ಮಾತ್ರ ಸಿದ್ಧರಾಗಿರಿ. ಗದಗ, ಹಾವೇರಿ ಕಡೆಯ ಮಕ್ಕಳು ಬಿತ್ತುವವನ ಸಾಮ್ಯ (ಯೇಸು ಹೇಳಿದ ದೃಷ್ಟಾಂತ ಕಥೆ) ಓದಿ, ಆ ರೈತ ಬೀಜವನ್ನು ದಾರಿಯ ಮೇಲೆ ಯಾಕೆ ಚೆಲ್ಲಿದ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಎರೆಹೊಲದಲ್ಲಿ ಕೂರಿಗೆಯಿಂದ ಸಾಲು ಹಿಡಿದು ಬಿತ್ತುತ್ತಾರೆ, ಬೀಜ ಹೊರಗೆ ಬೀಳುವುದಿಲ್ಲ. ಆ ನಾಡಿನಲ್ಲಿ ಕೈಯಿಂದ ಎರಚುತ್ತಿದ್ದರು. ಇಷ್ಟು ಹೇಳಿದರೆ ಸಾಮ್ಯ ತಾನಾಗಿ ತೆರೆದುಕೊಳ್ಳುತ್ತದೆ. ಕುರುಬನ ಕೀರ್ತನೆಗೆ ವಿವರಣೆಯೇ ಬೇಡ, ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಹಿಂಡು ತಂಗಿದ್ದನ್ನು ಒಮ್ಮೆ ತೋರಿಸಿ. ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಮನೆಯಲ್ಲಿ ಕೂತಾಗ ಮಾತ್ರವಲ್ಲ, ದಾರಿ ನಡೆಯುವಾಗಲೂ ಮಕ್ಕಳಿಗೆ ಹೇಳಿಕೊಡಿ ಎನ್ನುತ್ತದೆ.

ತಪ್ಪು ಮಾಡಿದ ಮಗುವಿಗೆ ಶಿಕ್ಷೆಯಾಗಿ ವೇದಭಾಗ ಬರೆಸುವುದನ್ನು ದಯವಿಟ್ಟು ನಿಲ್ಲಿಸಿ. ಎಷ್ಟು ಒಳ್ಳೆಯ ಪ್ರತಿ ಕೊಡಿಸಿದ್ದರೂ ಆಮೇಲೆ ಮಗು ಅದನ್ನು ಮುಟ್ಟುವುದಿಲ್ಲ.

ಎರಡರಲ್ಲಿ ಒಂದೇ ಎಂದರೆ ನಮ್ಮ ಮತ ದಪ್ಪಕ್ಷರದ ಜೆ.ವಿ. ಪುಸ್ತಕಕ್ಕೆ. ಫೋನು ಅಪ್ಪ-ಅವ್ವನ ಕೈಯಲ್ಲಿ, ಅರ್ಥ ನೋಡಲು ಮತ್ತು ಕೇಳಿಸಲು ಇರಲಿ. ಪುಸ್ತಕ ಮಗುವಿನದೇ ಆಗಿರಲಿ, ಅದರ ಹೆಸರಿನಲ್ಲೇ. ಹಳೆಯ ಮನೆಗಳಲ್ಲಿ ಸತ್ಯವೇದದ ಮೊದಲ ಹಾಳೆಯಲ್ಲಿ ದೀಕ್ಷಾಸ್ನಾನ, ಮದುವೆಯ ತಾರೀಖುಗಳನ್ನು ಬರೆದಿಡುವ ರೂಢಿಯಿದೆ, ಅದನ್ನು ಮುಂದುವರಿಸಿ. ಬರೆಯುವುದು ರಟ್ಟಿಗೆ ಅಂಟಿಸಿದ ದಪ್ಪ ಹಾಳೆಯ ಮೇಲೆ, ಒಳಗಿನ ತೆಳು ಹಾಳೆಯ ಮೇಲಲ್ಲ. ಅಲ್ಲಿ ಪೆನ್ನಿನ ಮಸಿ ಹಿಂದಕ್ಕೆ ಇಳಿದು ಮರುಪುಟದ ವಚನ ಕೆಡುತ್ತದೆ. ಒಳಗೆ ಗುರುತು ಹಾಕಲು ಮಗುವಿಗೆ ಪೆನ್ಸಿಲ್ ಕೊಡಿ.