ಆರ್ಗೋ ದತ್ತಾಂಶ: ಬಿ.ಎಸ್ಸಿ. ತರಗತಿಯಲ್ಲಿ ನಾಲ್ಕು ವರ್ಷಗಳ ಬಳಕೆಯ ನಂತರ

ಕರಾವಳಿಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುವ ನಾನು, ನಾಲ್ಕು ವರ್ಷಗಳಿಂದ ಅಂತಿಮ ವರ್ಷದ ಪ್ರಾಯೋಗಿಕ ತರಗತಿಗಳಲ್ಲಿ ಆರ್ಗೋ ಫ್ಲೋಟ್‌ಗಳ, ಅಂದರೆ ಸಮುದ್ರದಲ್ಲಿ ತಾವಾಗಿಯೇ ಮುಳುಗಿ ಏಳುವ ಅಳತೆಯ ಉಪಕರಣಗಳ, ದತ್ತಾಂಶವನ್ನು ಬಳಸುತ್ತಿದ್ದೇನೆ. ಜಗತ್ತಿನ ಸಾಗರಗಳಲ್ಲಿ ಇಂತಹ ಸುಮಾರು 4,000 ಫ್ಲೋಟ್‌ಗಳಿವೆ. ಸಾಮಾನ್ಯವಾಗಿ 1,000 ಮೀಟರ್ ಆಳದಲ್ಲಿ ತೇಲುತ್ತಿರುವ ಇವು ಹತ್ತು ದಿನಗಳಿಗೊಮ್ಮೆ 2,000 ಮೀಟರಿನವರೆಗೆ ಇಳಿದು, ಮೇಲೇರುವ ದಾರಿಯುದ್ದಕ್ಕೂ ಉಷ್ಣತೆ ಮತ್ತು ಲವಣಾಂಶವನ್ನು ಅಳೆದು, ಉಪಗ್ರಹದ ಮೂಲಕ ರವಾನಿಸುತ್ತವೆ. ದತ್ತಾಂಶ ಸಂಪೂರ್ಣ ಉಚಿತ. ಭಾರತದ ಆರ್ಗೋ ದತ್ತಾಂಶ ಕೇಂದ್ರ ಹೈದರಾಬಾದಿನ ಇನ್‌ಕಾಯಿಸ್‌ನಲ್ಲಿದೆ (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ).

ಮೊದಲ ವರ್ಷ, ವೈಜ್ಞಾನಿಕ ದತ್ತಾಂಶಕ್ಕೆ ಬಳಸುವ ನೆಟ್‌ಸಿಡಿಎಫ್ ಎಂಬ ರೂಪದ ಕಡತಗಳನ್ನು ತೆರೆಯುವುದರಲ್ಲೇ ಅರ್ಧ ಸೆಮಿಸ್ಟರ್ ಕಳೆಯಿತು. ಸಿಎಸ್‌ವಿ ಎಂಬ ಸರಳ ಕೋಷ್ಟಕದ ರೂಪದಲ್ಲಿ ಇಳಿಸಿಕೊಳ್ಳುವ ದಾರಿ ತಿಳಿದ ಮೇಲೆ ಆ ತೊಡಕು ತಪ್ಪಿತು.

ಅತ್ಯಂತ ಫಲ ಕೊಟ್ಟ ಅಭ್ಯಾಸವೆಂದರೆ, ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವ ಅರಬ್ಬೀ ಸಮುದ್ರದ ಒಂದು ಫ್ಲೋಟನ್ನೂ ಬಂಗಾಳ ಕೊಲ್ಲಿಯ ಉತ್ತರ ಭಾಗದ ಇನ್ನೊಂದನ್ನೂ ಹೋಲಿಸುವುದು. ಬಿಸಿಲು ಒಂದೇ ಆದ್ದರಿಂದ ಉಪ್ಪೂ ಒಂದೇ ಇರಬೇಕೆಂದು ವಿದ್ಯಾರ್ಥಿಗಳು ಊಹಿಸುತ್ತಾರೆ. ನಕ್ಷೆ ಬರೆದಾಗ ಅರಬ್ಬೀ ಸಮುದ್ರದ ಮೇಲ್ಮೈ ಲವಣಾಂಶ 36ರ (ಒಂದು ಕಿಲೋಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪು) ಆಸುಪಾಸಿನಲ್ಲಿದ್ದು, ಕೊಲ್ಲಿಯದು ಮಳೆಗಾಲದ ನಂತರ 33ಕ್ಕಿಂತಲೂ ಕೆಳಗಿರುವುದು ಕಾಣುತ್ತದೆ. ಗಂಗಾ, ಬ್ರಹ್ಮಪುತ್ರಾ ನದಿಗಳ ಸಿಹಿನೀರು ಹಗುರವಾದ ಪದರವಾಗಿ ಮೇಲೆ ನಿಂತು, ಗಾಳಿ ಕೆಳಗಿನ ತಣ್ಣೀರನ್ನು ಕಲಕಿ ಮೇಲಕ್ಕೆ ತರದಂತೆ ತಡೆಯುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಸಾಂದ್ರತೆಯ ರೇಖೆಯಿಂದ ಓದಿದ ವಿದ್ಯಾರ್ಥಿನಿಯೂ ಇದ್ದಾಳೆ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಡತ ಹಗುರವಾಗಲೆಂದು ನಾನು ಗುಣಮಟ್ಟದ ಸಂಕೇತಗಳ ಅಂಕಣವನ್ನೇ ಅಳಿಸಿ ಕೊಟ್ಟಿದ್ದೆ. ಅದರಲ್ಲಿ 1 ಎಂದರೆ ಸರಿಯಾದ ಅಳತೆ, 4 ಎಂದರೆ ಕೆಟ್ಟ ಅಳತೆ. ಒಂದು ತಂಡ ಏರುತ್ತಿರುವ ಲವಣಾಂಶಕ್ಕೆ ಆವಿಯಾಗುವಿಕೆಯೇ ಕಾರಣವೆಂದು ಎರಡು ಪುಟ ಬರೆದು ತಂದಿತು. ಅಷ್ಟೇ ಏರಿಕೆ 2,000 ಮೀಟರ್ ಆಳದಲ್ಲೂ ಇತ್ತು, ಅಲ್ಲಿಯ ನೀರು ಇಷ್ಟು ಬೇಗ ಬದಲಾಗುವುದಿಲ್ಲ. ದಾರಿ ತಪ್ಪಿದ್ದು ಸಂವೇದಕ. ಈಗ ಪ್ರತಿ ತಂಡಕ್ಕೂ ಅಂತಹ ಒಂದು ಫ್ಲೋಟನ್ನು ಬೇಕೆಂದೇ ಸೇರಿಸಿ ಕೊಡುತ್ತೇನೆ. ಪಠ್ಯಪುಸ್ತಕದ ನುಣುಪಾದ ಕೋಷ್ಟಕಗಳಿಂದ ಈ ಅನುಮಾನವನ್ನು ಕಲಿಸಲು ನನಗೆ ಎಂದೂ ಆಗಿರಲಿಲ್ಲ.

ಕೊರತೆಯೂ ಇದೆ. ಮೀನುಗಾರರ ಮನೆಗಳಿಂದ ಬರುವ ವಿದ್ಯಾರ್ಥಿಗಳು ಮಲ್ಪೆಯ ಎದುರಿನ ನೀರಿನ ಬಗ್ಗೆ ಕೇಳುತ್ತಾರೆ. ಆರ್ಗೋ ಇರುವುದು ಆಳಸಮುದ್ರಕ್ಕೆ. ತೀರದ ಆಳವಿಲ್ಲದ ನೀರಿಗೆ ಸದ್ಯ ನಮಗೆ ಬಕೆಟ್ಟು, ಥರ್ಮಾಮೀಟರುಗಳೇ ಗತಿ.