ಮಾವಯ್ಯನ ಕೈಗೆ ಒಗ್ಗಿದ ಬ್ಯಾಟರಿ ಲೈಟು

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಮತ್ತೆ ಬರುವುದು ಯಾವಾಗ ಅಂತ ಯಾರೂ ಹೇಳಲಾರರು. ಕೊಟ್ಟಿಗೆ ಇರುವುದು ಅಂಗಳ ದಾಟಿ ಆಚೆಗೆ. ಮಾವಯ್ಯನಿಗೆ ಎಂಬತ್ತು ಹತ್ತಿರ ಬಂತು. ಮಲಗುವ ಮುಂಚೆ ಒಮ್ಮೆ, ನಸುಕಿಗೆ ಒಮ್ಮೆ ದನಗಳನ್ನು ನೋಡಿ ಬರದಿದ್ದರೆ ಅವರಿಗೆ ಸಮಾಧಾನವಿಲ್ಲ. ದಾರಿಯಲ್ಲಿ ತರಗೆಲೆ, ಪಾಚಿಗಟ್ಟಿದ ಕಲ್ಲು, ಮಳೆ ಬಿಟ್ಟಾಗ ಹಾವು. ಕೊಳಕುಮಂಡಲ ತರಗೆಲೆಯ ಬಣ್ಣದಲ್ಲೇ ಇರುತ್ತದೆ, ಮಂಕು ಬೆಳಕಿನಲ್ಲಿ ಕಾಣುವುದೇ ಇಲ್ಲ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ನಮ್ಮ ರಾಜ್ಯದಲ್ಲಿ 2024ರಲ್ಲಿ ಆದೇಶವಾಯಿತು. ಹಳ್ಳಿಯಲ್ಲಿ ಇರುವವರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ಅದಕ್ಕೇ ನಾನು ಕೈಲೈಟಿನ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಂಡದ್ದು.

ಮನೆಯಲ್ಲಿ ಮೊದಲಿದ್ದದ್ದು ಪ್ಲಾಸ್ಟಿಕ್ಕಿನದು, ಹಿಂಬದಿಯ ಪಿನ್ನು ಮಡಚಿ ಬಿಚ್ಚಿ ನೇರ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಸಂತೆಯಲ್ಲೂ ಸಿಗುತ್ತದೆ, ಮುನ್ನೂರರ ಆಸುಪಾಸು. ಬಳಸುವುದು ಬಲು ಸುಲಭ: ಗುಂಡಿ ಮುಂದೆ ದೂಡಿದರೆ ಉರಿಯುತ್ತದೆ, ಹಿಂದೆ ಎಳೆದರೆ ಆರುತ್ತದೆ. ಆ ಗುಣಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಇಂಥವುಗಳ ಹೊಟ್ಟೆಯಲ್ಲಿರುವುದು ಹೆಚ್ಚಾಗಿ 4 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ. ಅದನ್ನು ಖಾಲಿ ಮಾಡಿ ಇಡಲೇಬಾರದು. ಚಾರ್ಜಿಲ್ಲದೆ ವಾರಗಟ್ಟಲೆ ಕೂತರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಹೊತ್ತು ಪ್ಲಗ್ಗಿಗೆ ಹಾಕಿದರೂ ಹಿಡಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಗೂಡಿನಲ್ಲಿಟ್ಟು ಮರೆತರೆ ಮುಂದಿನ ಮುಂಗಾರಿಗೆ ಅದು ಏಳುವುದಿಲ್ಲ. ಇನ್ನೊಂದು ಮಾತು: ಅಗ್ಗದವುಗಳಲ್ಲಿ ಪ್ಲಗ್ಗಿನ 230 ವೋಲ್ಟು, ಅದನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರೇ ಇಲ್ಲದೆ ಒಳಗೆ ಬರುತ್ತದೆ. ಒದ್ದೆ ಕೈಯಲ್ಲಿ ಮುಟ್ಟುವಂಥದ್ದಲ್ಲ. ಮಕ್ಕಳಿರುವ ಮನೆಯವರು, ಮೈ ಬಿರುಕು ಬಿಟ್ಟ ಲೈಟನ್ನು ಚಾರ್ಜಿಗೆ ಹಾಕಲೇಬೇಡಿ.

ಎರಡನೆಯದು ಬೆಂಗಳೂರಿನಿಂದ ಮಗ ಆನ್‌ಲೈನಿನಲ್ಲಿ ತರಿಸಿ ಕಳಿಸಿದ್ದು. ಕಪ್ಪು ಲೋಹದ ಮೈ, ಮೂತಿ ಎಳೆದರೆ ಬೆಳಕು ದೂರ ಹೋಗುತ್ತದೆ. ಡಬ್ಬದ ಮೇಲೆ 10000 ಲ್ಯೂಮನ್ ಅಂತ ಅಚ್ಚಾಗಿತ್ತು. ಲ್ಯೂಮನ್ ಅಂದರೆ ಎಷ್ಟು ಬೆಳಕು ಬರುತ್ತದೆ ಅನ್ನುವ ಅಳತೆ. ಈ ಅಂಕಿಯನ್ನು ನಂಬುವ ಮುಂಚೆ ಮನೆಯ ಬಲ್ಬು ನೋಡಿ. 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡುವುದು ಹೆಚ್ಚುಕಡಿಮೆ 900 ಲ್ಯೂಮನ್. ಹಾಗಾದರೆ ಹತ್ತು ಸಾವಿರಕ್ಕೆ ನೂರು ವ್ಯಾಟಿನ ಹತ್ತಿರ ಬೇಕು. ಬೆರಳಿನಷ್ಟು ದಪ್ಪದ ಒಂದು ಸೆಲ್ಲು ಅಷ್ಟನ್ನು ಎಲ್ಲಿಂದ ತರುತ್ತದೆ? ನಿಜ ಹೇಳಬೇಕೆಂದರೆ ಅಂಗಳ, ಕೊಟ್ಟಿಗೆ, ತೋಟದ ಕಾಲುದಾರಿಗೆ 200, 300 ಲ್ಯೂಮನ್ ಧಾರಾಳ ಸಾಕು.

ಅದರ ಬೆಳಕಿಗಿಂತ ನನಗೆ ಕಷ್ಟವಾದದ್ದು ಗುಂಡಿ. ಒಮ್ಮೆ ಒತ್ತಿದರೆ ಜೋರು, ಮತ್ತೊಮ್ಮೆ ಮಧ್ಯಮ, ಆಮೇಲೆ ಮಂದ, ಆಮೇಲೆ ಪಟಪಟ ಮಿಣುಕು, ಆಮೇಲೆ ಎಸ್‌ಒಎಸ್, ಅಂದರೆ ಅಪಾಯದಲ್ಲಿದ್ದೇನೆ ಅಂತ ಸಾರುವ ಮಿಣುಕು. ಆರಿಸಬೇಕಾದರೆ ಇಷ್ಟನ್ನೂ ದಾಟಿ ಹೋಗಬೇಕು. ಕೊಟ್ಟಿಗೆಯಲ್ಲಿ ಆ ಮಿಣುಕು ಬೆಳಕಿಗೆ ಗಬ್ಬದ ಹಸು ಬೆದರಿ ಹಗ್ಗ ಜಗ್ಗಿತು. ಮಾವಯ್ಯ ಒಳಗೆ ಬಂದವರೇ ಅದನ್ನು ಜಗಲಿಯ ಮೇಲಿಟ್ಟು, "ಇದೆಂತದೇ ಇದು, ನಂಗೆ ದಾರಿ ಕಾಣ್ಲಿಕ್ಕೆ ಒಂದು ಬೆಳಕು ಸಾಕು, ಇದು ಕಣ್ಣಿಗೆ ಹೊಡಿತದೆ" ಅಂದರು. ಅವರು ಹೇಳಿದ್ದು ಸರಿ. ಮಿಣುಕುವ ಮೋಡು ಕಾಡಿನಲ್ಲಿ ದಾರಿ ತಪ್ಪಿದವರಿಗೆ ಬೇಕಾದೀತು. ವಯಸ್ಸಾದವರ ಲೈಟಿನಲ್ಲಿ ಅದು ಇರಲೇಬಾರದು.

ಈಗ ಇರುವುದನ್ನು ಪೇಟೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ಒತ್ತಿ ನೋಡಿ ತಂದೆ. ಬೆಲೆ 700ರ ಒಳಗೇ ಆಯಿತು. ಒಂದೇ ಅಚ್ಚಿನ ಲೈಟು ನಾಲ್ಕಾರು ಹೆಸರಿನಲ್ಲಿ ಮಾರಾಟಕ್ಕೆ ಬರುವುದರಿಂದ ಹೆಸರು ಹೇಳುವುದಕ್ಕಿಂತ ಗುರುತು ಹೇಳುವುದು ಲೇಸು. ಅಲ್ಯೂಮಿನಿಯಂ ಮೈ, ಗೇಣಿಗಿಂತ ಚಿಕ್ಕದು. ಗುಂಡಿ ಹಿಂದೆ ಅಲ್ಲ, ಹೆಬ್ಬೆರಳು ಕೂರುವ ಪಕ್ಕದಲ್ಲಿದೆ, ಉಬ್ಬಿಕೊಂಡಿದೆ, ಕತ್ತಲಲ್ಲೂ ತಡಕಾಡದೆ ಸಿಗುತ್ತದೆ. ಒಮ್ಮೆ ಒತ್ತಿದರೆ ಉರಿಯುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಮಂದ ಬೆಳಕು ಬೇಕಾದವರು ಒತ್ತಿ ಹಿಡಿದುಕೊಳ್ಳಬೇಕು. ಮಾವಯ್ಯನಿಗೆ ಅದು ಇದೆ ಅಂತಲೇ ನಾನು ಹೇಳಿಲ್ಲ, ಹೇಳುವ ಅಗತ್ಯ ಬಿದ್ದಿಲ್ಲ.

ಬೆಳಕು ಸ್ವಲ್ಪ ಹಳದಿಗೆ ತಿರುಗಿದ್ದು. ನೀಲಿ ಛಾಯೆಯ ಬಿಳಿ ಬೆಳಕಿನಲ್ಲಿ ಮಣ್ಣು, ಎಲೆ, ತೊಗಟೆ ಎಲ್ಲ ಒಂದೇ ಬೂದು ಬಣ್ಣವಾಗಿ ಕಾಣುತ್ತದೆ. ಇದರಲ್ಲಿ ಕಂದು ಕಂದಾಗಿ, ಹಸಿರು ಹಸಿರಾಗಿ ಕಾಣುವುದರಿಂದ ಕಾಲ ಬುಡದಲ್ಲಿ ಏನಿದೆ ಅಂತ ಬೇಗ ಗೊತ್ತಾಗುತ್ತದೆ. ಬೆಳಕು ನಡುವೆ ಗಟ್ಟಿ, ಸುತ್ತ ಹರಡಿಕೊಂಡಿದೆ. ಹಾಗಾಗಿ ಮುಂದಿನ ದಾರಿಯೂ ಕಾಣುತ್ತದೆ, ಪಾದವೂ ಕಾಣುತ್ತದೆ. ಮಂಜು, ಜಿಟಿಜಿಟಿ ಮಳೆ ಇದ್ದಾಗ ಯಾವ ಲೈಟನ್ನೂ ಮುಖದ ಎತ್ತರಕ್ಕೆ ಹಿಡಿಯಬೇಡಿ. ಹನಿಗೆ ಬಡಿದ ಬೆಳಕು ತಿರುಗಿ ಕಣ್ಣಿಗೇ ಬರುತ್ತದೆ. ಸೊಂಟದ ಕೆಳಗೆ ಹಿಡಿದರೆ ಕಲ್ಲಿನ, ಹೊಂಡದ ನೆರಳು ಉದ್ದ ಬಿದ್ದು ಎಡವುವುದು ತಪ್ಪುತ್ತದೆ.

ಒಳಗಿರುವುದು 18650 ಅನ್ನುವ ಲಿಥಿಯಂ ಸೆಲ್ಲು, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ನಾನು ಇದನ್ನೇ ಆರಿಸಿದ್ದಕ್ಕೆ ದೊಡ್ಡ ಕಾರಣ ಹಿಂದಿನ ಮುಚ್ಚಳ ತಿರುಗಿಸಿದರೆ ಸೆಲ್ಲು ಕೈಗೆ ಬರುತ್ತದೆ ಅನ್ನುವುದು. ಒಳಗೇ ಬೆಸುಗೆ ಹಾಕಿ ಮುಚ್ಚಿದ ಲೈಟಿನಲ್ಲಿ ಸೆಲ್ಲು ಸತ್ತರೆ ಲೈಟೇ ತಿಪ್ಪೆಗೆ. ಇದರಲ್ಲಿ ಸೆಲ್ಲು ಮಾತ್ರ ಬದಲಿಸಿದರಾಯಿತು. ಸೆಲ್ಲು ಎಷ್ಟು ಚಾರ್ಜು ಹಿಡಿಯುತ್ತದೆ ಅನ್ನುವುದನ್ನು ಎಂಎಎಚ್ ಲೆಕ್ಕದಲ್ಲಿ ಬರೆದಿರುತ್ತಾರೆ. 2000 ಎಂಎಎಚ್‌ನ ಸೆಲ್ಲು 3.7 ವೋಲ್ಟಿನ ಲೆಕ್ಕದಲ್ಲಿ 7.4 ವ್ಯಾಟ್ ಅವರ್ ಕೊಡುತ್ತದೆ. ಲೈಟು 2 ವ್ಯಾಟ್ ಎಳೆದರೆ ಮೂರೂವರೆ ಗಂಟೆ. ದಿನಕ್ಕೆ ಎರಡು ಸಲ ಕೊಟ್ಟಿಗೆಗೆ ಹೋಗಿ ಬರುವವರಿಗೆ ಅದು ವಾರವಿಡೀ ಬರುತ್ತದೆ. ಬದಲಿ ಸೆಲ್ಲು ಕೊಳ್ಳುವಾಗ 9900 ಎಂಎಎಚ್ ಅಂತ ಬರೆದದ್ದನ್ನು ಕೈಯಲ್ಲಿ ಮುಟ್ಟಬೇಡಿ. ಒಳ್ಳೆಯ ಕಂಪನಿಯವೂ 3500 ಎಂಎಎಚ್ ಆಸುಪಾಸಿನಲ್ಲೇ ಇರುತ್ತವೆ. ಅನುಮಾನ ಬಂದರೆ ದಿನಸಿ ಅಂಗಡಿಯ ತಕ್ಕಡಿಯ ಮೇಲಿಡಿ, ಸರಿಯಾದ ಸೆಲ್ಲು 45 ಗ್ರಾಂ ಹತ್ತಿರ ತೂಗುತ್ತದೆ. ತೀರಾ ಹಗುರ ಇದ್ದರೆ ಬಿಡಿ.

ಚಾರ್ಜಿಗೆ ಟೈಪ್ ಸಿ. ಫೋನಿನ ವೈರೇ ಆಗುತ್ತದೆ, ಕರೆಂಟಿಲ್ಲದ ದಿನ ಜೀಪಿನಲ್ಲೋ ಪವರ್ ಬ್ಯಾಂಕಿನಲ್ಲೋ ಹಾಕಬಹುದು. ಮಲೆನಾಡಿನವರಿಗೆ ಇದೊಂದೇ ಸಾಕು ಪಿನ್ನಿನ ಲೈಟು ಬಿಡಲಿಕ್ಕೆ. ಆದರೆ ಒಂದು ಸೂಕ್ಷ್ಮ ಇದೆ. ಎರಡೂ ತುದಿಯಲ್ಲಿ ಟೈಪ್ ಸಿ ಇರುವ ಹೊಸ ಫೋನಿನ ವೈರು ಹಾಕಿದರೆ ಇದು ಚಾರ್ಜ್ ಆಗುವುದಿಲ್ಲ. ಕಡಿಮೆ ಬೆಲೆಯ ಲೈಟುಗಳಲ್ಲಿ ಚಾರ್ಜರಿಗೆ ಗುರುತು ಹೇಳುವ ಸಣ್ಣ ರೆಸಿಸ್ಟರ್ ಹಾಕಿರುವುದಿಲ್ಲ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ವೈರು ಹಾಕಿದರೆ ಸರಾಗವಾಗಿ ಆಗುತ್ತದೆ. ಡಬ್ಬದಲ್ಲಿ ಬಂದ ವೈರನ್ನು ಲೈಟಿನ ಜೊತೆಗೇ ಕಟ್ಟಿ ಇಟ್ಟಿದ್ದೇನೆ.

ಕೊರತೆ ಇಲ್ಲವೆಂದಲ್ಲ. ಚಾರ್ಜಿಂಗ್ ತೂತಿನ ಮೇಲಿನ ರಬ್ಬರು ಮುಚ್ಚಳ ತೆಳು, ಈಗಲೇ ಸಡಿಲವಾಗಿದೆ. ಐಪಿಎಕ್ಸ್4 ಅಂತ ಬರೆದಿದೆ, ಅಂದರೆ ಮಳೆಹನಿ ತಡೆಯುತ್ತದೆ, ಹಳ್ಳಕ್ಕೆ ಬಿದ್ದರೆ ಹೋಯಿತು. ಮೈ ಪೂರ್ತಿ ಗುಂಡಗಿರುವುದರಿಂದ ಕಟ್ಟೆಯ ಮೇಲಿಟ್ಟರೆ ಉರುಳುತ್ತದೆ. ಅದಕ್ಕೆ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಸುತ್ತ ಹಾಕಿದೆ, ಒದ್ದೆ ಕೈಗೂ ಹಿಡಿತ ಸಿಕ್ಕಿತು. ಬಾಗಿಲ ಹಿಂದೆ ಮೊಳೆ ಹೊಡೆದು ಅಲ್ಲೇ ನೇತು ಹಾಕುತ್ತೇವೆ. ಮಳೆಗಾಲದಲ್ಲಿ ಮನೆಯವರು ಯಾರೂ ಅದನ್ನು ಬೇರೆಡೆ ಇಡುವ ಹಾಗಿಲ್ಲ ಅಂತ ಹೇಳಿದ್ದೇನೆ.

ಮಾವಯ್ಯ ಮೊದಲ ರಾತ್ರಿ ಹೋಗಿ ಬಂದು "ಇದಾದ್ರೆ ಆಗ್ತದೆ ನೋಡು" ಅಂದರು. ಅವರ ಬಾಯಲ್ಲಿ ಅಷ್ಟು ಬಂದರೆ ದೊಡ್ಡ ಮಾತು.

ನೀವು ಕೊಳ್ಳಲು ಹೋದಾಗ ವಯಸ್ಸಾದವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಏನೂ ಹೇಳಿಕೊಡದೆ ಲೈಟನ್ನು ಅವರ ಕೈಗೆ ಕೊಡಿ, ಹಚ್ಚಿ ಆರಿಸಲಿ. ಹಿಂದಿನ ಮುಚ್ಚಳ ಬಿಚ್ಚಿ ಸೆಲ್ಲು ತೋರಿಸಿ ಅಂತ ಅಂಗಡಿಯವರನ್ನು ಕೇಳಿ. ತೋರಿಸದಿದ್ದರೆ ಪಕ್ಕದ ಅಂಗಡಿಗೆ ಹೋಗಿ.